ಅಜ್ಜನನ್ನು ಕದ್ದವರು ಯಾರು?

ಹೊಸನಗರ ತಾಲ್ಲೂಕಿನ ಓದುಗರೊಬ್ಬರು, ಒಬ್ಬ ಅಜ್ಜಿ, ನಮಗೆ ಬರೆದ ಪತ್ರದ ಸಾರ ಇದು:

“ಹೋದ ತಿಂಗಳು ನಮ್ಮನೆಯವರು ಶಿವಮೊಗ್ಗಕ್ಕೆ ಹೋಗಿದ್ದರು. ರಸ್ತೆ ದಾಟುವಾಗ ಇಬ್ಬರು ಹುಡುಗರು ಅವರನ್ನು ತಳ್ಳಿ, ಕೈಚೀಲ ಕಿತ್ತುಕೊಂಡು ಓಡಿದರು. ಮಂಡಿ ತರಚಿತು. ಎಂಟನೇ ಕ್ಲಾಸಿನ ಮೊಮ್ಮಗಳು ಇದನ್ನೇ ಇಂಗ್ಲಿಷ್ ಪ್ರಬಂಧ ಮಾಡಿದಳು. ‘ಥೀವ್ಸ್ ಸ್ಟೋಲ್ ಮೈ ಗ್ರ್ಯಾಂಡ್‌ಫಾದರ್’ ಅಂತ ಶುರು. ಟೀಚರ್ ‘ಸ್ಟೋಲ್’ ಹೊಡೆದುಹಾಕಿ ಕೆಂಪು ಇಂಕಿನಲ್ಲಿ ‘ರಾಬ್ಡ್’ ಅಂತ ಬರೆದಿದ್ದಾರೆ. ಯಾಕೆ ಅಂತ ಹೇಳಿಲ್ಲ. ಮನೆಯಲ್ಲಿರುವ ಡಿಕ್ಷನರಿ ನೋಡಿದರೆ ಎರಡಕ್ಕೂ ಕದಿ ಅಂತಲೇ ಇದೆ. ಹುಡುಗಿ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಾಳೆ. ಸ್ವಲ್ಪ ಬಿಡಿಸಿ ಹೇಳಿ.”

ಅಮ್ಮಾ, ನಮಸ್ಕಾರ.

ಮೊದಲು ಮೊಮ್ಮಗಳಿಗೆ ಒಂದು ಮಾತು ಹೇಳಿ. ಈ ತಪ್ಪು ಮಾಡಿದವರಲ್ಲಿ ಅವಳು ಮೊದಲಿನವಳಲ್ಲ. ನಾನು ಕಾಲೇಜಿನಲ್ಲಿದ್ದಾಗ ನನ್ನ ಛತ್ರಿ ಕಳುವಾಯಿತು. ಮಲೆನಾಡಿನ ಜುಲೈ ತಿಂಗಳು, ಛತ್ರಿ ಇಲ್ಲ ಅಂದರೆ ಏನು ಗತಿ ಅಂತ ನಿಮಗೆ ಗೊತ್ತಲ್ಲ. ಮೂರು ದಿನ ಕ್ಲಾಸಿಗೆ ಹೋಗಲಿಲ್ಲ. ರಜಾ ಅರ್ಜಿಯಲ್ಲಿ ಕಾರಣ ಬರೆದೆ: ‘ಐ ವಾಸ್ ಸ್ಟೋಲನ್’. ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, “ಮತ್ತೆ ವಾಪಸ್ ತಂದು ಬಿಟ್ಟವರು ಯಾರಪ್ಪಾ?” ಅಂತ ಕೇಳಿದರು. ಆವತ್ತಿನಿಂದ ಈ ಎರಡು ಶಬ್ದ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿವೆ.

ಟೀಚರ್ ತಿದ್ದಿದ್ದು ಸರಿ. ‘ಸ್ಟೀಲ್’ ಅನ್ನುವ ಕ್ರಿಯಾಪದದ ಕಣ್ಣು ಹೋದ ವಸ್ತುವಿನ ಮೇಲೆ. ‘ರಾಬ್’ನ ಕಣ್ಣು ವಸ್ತು ಕಳೆದುಕೊಂಡವರ ಮೇಲೆ. ಚೀಲವನ್ನು ಸ್ಟೀಲ್ ಮಾಡ್ತಾರೆ, ಅಜ್ಜನನ್ನು ರಾಬ್ ಮಾಡ್ತಾರೆ. ದುಡ್ಡನ್ನು ಸ್ಟೀಲ್ ಮಾಡ್ತಾರೆ, ಬ್ಯಾಂಕನ್ನು ರಾಬ್ ಮಾಡ್ತಾರೆ. ನಿಮ್ಮ ಮೊಮ್ಮಗಳ ವಾಕ್ಯ ಓದಿದ ಇಂಗ್ಲಿಷಿನವನಿಗೆ, ಕಳ್ಳರು ಅಜ್ಜನನ್ನೇ ಹೊತ್ತುಕೊಂಡು ಹೋದರು ಅಂತ ಅನ್ನಿಸುತ್ತದೆ. ಚೀಲ ಪಾಪ ರಸ್ತೆಯಲ್ಲೇ ಬಿದ್ದಿರಬೇಕು.

ಡಿಕ್ಷನರಿಯನ್ನೂ ಪೂರ್ತಿ ಬೈಯುವ ಹಾಗಿಲ್ಲ. ಗೊಂದಲದ ಬೇರು ನಮ್ಮ ‘ದೋಚು’ ಅನ್ನುವ ಶಬ್ದದಲ್ಲಿದೆ. ‘ಚಿನ್ನ ದೋಚಿದರು’ ಅಂತೀವಿ, ‘ಮನೆ ದೋಚಿದರು’ ಅಂತಲೂ ಅಂತೀವಿ. ಎರಡೂ ಸರಿಯೇ. ಇದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋದರೆ ಕಾಲು ಜಾರುತ್ತದೆ. ನಮ್ಮ ಪತ್ರಿಕೆಗಳದ್ದೂ ಇದರಲ್ಲಿ ಪಾಲಿದೆ. ಅಂಗಡಿಯಿಂದ ಎರಡು ಸೋಪು ಹೋದರೂ ‘ದೋಚಿ ಪರಾರಿ’ ಅಂತ ತಲೆಬರಹ ಕೊಡ್ತೀವಿ. ಬೆಣ್ಣೆ ಕದ್ದ ಕೃಷ್ಣ ಅಂತೀವಿ. ‘ಬೆಣ್ಣೆ ದೋಚಿದ ಕೃಷ್ಣ’ ಅಂತ ಯಾರಾದರೂ ಹಾಡಿದ್ದು ಕೇಳಿದ್ದೀರಾ? ಕಿವಿಗೆ ವ್ಯತ್ಯಾಸ ಗೊತ್ತಿದೆ, ಬರೆಯುವ ಕೈಗೆ ಮರೆತುಹೋಗಿದೆ.

ಹಾಗಾದರೆ ಹುಡುಗಿಗೆ ನೆನಪಿನಲ್ಲಿ ಉಳಿಯುವ ಹಾಗೆ ಹೇಳೋದು ಹೇಗೆ? ನಿಮ್ಮ ಮನೆಯ ಅಂಗಳದಲ್ಲೇ ಉತ್ತರ ಇದೆ. ಅಡಿಕೆ ಕೊನೆ (ಗೊನೆ) ಕೊಯ್ಲು ಆದ ಮೇಲೆ ರಾತ್ರಿ ದೀಪ ಹಾಕಿಕೊಂಡು ಎಲ್ಲರೂ ಸಾಲಾಗಿ ಕೂತು ಅಡಿಕೆ ಸುಲಿಯುತ್ತೀರಿ. ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಆ ‘ಸುಲಿ’ಯಿಂದಲೇ ‘ಸುಲಿಗೆ’ ಬಂದಿದೆ. ಅಡಿಕೆಯ ಮೈಮೇಲಿನ ಸಿಪ್ಪೆ ತೆಗೆದ ಹಾಗೆ ಮನುಷ್ಯನ ಮೈಮೇಲಿನದನ್ನು ತೆಗೆಯೋದು ಸುಲಿಗೆ. ‘ಅವರನ್ನು ಸುಲಿದರು’ ಅಂತೀವಲ್ಲ, ಅಲ್ಲಿ ಸುಲಿಸಿಕೊಂಡವನು ಮನುಷ್ಯ. ‘ಅವರನ್ನು ಕದ್ದರು’ ಅಂದರೆ ಮಾತೇ ಬೇರೆಯಾಗುತ್ತದೆ.

ಈಗ ಇಂಗ್ಲಿಷಿನ ಕಡೆ ನೋಡಿ. ‘ರಾಬ್’ ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಮೂಲ ಜರ್ಮನ್ ಬಳಗದ ನುಡಿಗಳಲ್ಲಿದೆ. ವಕೀಲರು, ಪಾದ್ರಿಗಳು ತೊಡುವ ಉದ್ದನೆಯ ನಿಲುವಂಗಿಗೆ ‘ರೋಬ್’ ಅಂತಾರಲ್ಲ, ಅದೂ ಅದೇ ಬೇರಿನದು. ಆ ಶಬ್ದಕ್ಕೆ ಮೊದಲು ಇದ್ದ ಅರ್ಥ ಕೊಳ್ಳೆ ಹೊಡೆದ ಮಾಲು. ಸೋತವನ ಮೈಮೇಲಿಂದ ಕಿತ್ತುಕೊಂಡ ಬಟ್ಟೆ ಕೊನೆಗೆ ಬಟ್ಟೆಯ ಹೆಸರೇ ಆಯಿತು. ಅಲ್ಲಿ ಬಟ್ಟೆ, ಇಲ್ಲಿ ಸಿಪ್ಪೆ. ಎರಡು ನುಡಿಗಳಿಗೂ ನೆಂಟಸ್ತನವೇ ಇಲ್ಲ. ಆದರೂ ಒಬ್ಬ ಮನುಷ್ಯನನ್ನು ಬೋಳು ಮಾಡುವುದಕ್ಕೆ ಎರಡೂ ಒಂದೇ ತರ ಯೋಚಿಸಿವೆ. ಇದನ್ನು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ, ವಿಷಯ ಕಳ್ಳತನದ್ದಾದರೂ.

ಹಾಗಾಗಿ ಮೊಮ್ಮಗಳಿಗೆ ಇಷ್ಟು ಹೇಳಿ: ಬರೆಯುವ ಮೊದಲು ಮನಸ್ಸಿನಲ್ಲಿ ‘ಕದ್ದರು’, ‘ಸುಲಿದರು’ ಎರಡನ್ನೂ ಇಟ್ಟು ನೋಡು. ‘ಚೀಲ ಕದ್ದರು’ ಸರಿ ಬಂದರೆ ಸ್ಟೀಲ್. ‘ಅಜ್ಜನನ್ನು ಸುಲಿದರು’ ಸರಿ ಬಂದರೆ ರಾಬ್. ಚೀಲ, ಅಜ್ಜ ಇಬ್ಬರನ್ನೂ ಒಂದೇ ವಾಕ್ಯದಲ್ಲಿ ತರಬೇಕು ಅಂದರೆ ‘ದೇ ಸ್ಟೋಲ್ ಎ ಬ್ಯಾಗ್ ಫ್ರಮ್ ಹಿಮ್’ ಅನ್ನಬಹುದು, ‘ದೇ ರಾಬ್ಡ್ ಹಿಮ್ ಆಫ್ ಹಿಸ್ ಬ್ಯಾಗ್’ ಅಂತಲೂ ಅನ್ನಬಹುದು. ಒಂದಕ್ಕೆ ‘ಫ್ರಮ್’, ಇನ್ನೊಂದಕ್ಕೆ ‘ಆಫ್’. ಇದನ್ನು ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ.

ರಾಬ್‌ಗೆ ಇನ್ನೊಂದು ಗುಣ ಇದೆ. ಅದರಲ್ಲಿ ಬಲಪ್ರಯೋಗವೋ ಹೆದರಿಕೆಯೋ ಇರಬೇಕು. ಯಾರಿಗೂ ಗೊತ್ತಾಗದ ಹಾಗೆ ಜೇಬಿನಿಂದ ಪರ್ಸ್ ಎಗರಿಸಿದರೆ ಅದು ಸ್ಟೀಲ್. ತಳ್ಳಿ, ಬೀಳಿಸಿ, ಕಿತ್ತುಕೊಂಡರೆ ರಾಬ್. ಮಾತಿನಲ್ಲಿ ಇಂಗ್ಲಿಷಿನವರೂ ಇದನ್ನು ಸಡಿಲ ಬಿಡುತ್ತಾರೆ. ಊರಿಗೆ ಹೋಗಿದ್ದಾಗ ಮನೆಗೆ ಕಳ್ಳರು ನುಗ್ಗಿದರೂ ‘ವಿ ವರ್ ರಾಬ್ಡ್’ ಅಂತಾರೆ. ಅದಕ್ಕೆ ಸರಿಯಾದ ಶಬ್ದ ‘ಬರ್ಗಲ್’, ನಮ್ಮ ‘ಕನ್ನ ಹಾಕು’ ಇದ್ದ ಹಾಗೆ. ಕನ್ನ ಅಂದರೆ ಗೋಡೆಗೆ ಕೊರೆದ ತೂತು. ಈಗ ಗೋಡೆ ಕೊರೆಯುವ ಕಳ್ಳರು ಕಡಿಮೆ, ಆದರೆ ‘ಬ್ಯಾಂಕ್ ಖಾತೆಗೆ ಕನ್ನ’ ಅಂತ ವಾರಕ್ಕೊಂದು ಸುದ್ದಿ ಇದ್ದೇ ಇರುತ್ತದೆ.

ಕಾನೂನು ಈ ವಿಷಯದಲ್ಲಿ ಡಿಕ್ಷನರಿಗಿಂತ ಖಡಕ್ಕು. ಹಳೆಯ ದಂಡ ಸಂಹಿತೆಯಲ್ಲಿ ಕಳವಿಗೆ 378ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 303 ಆಗಿದೆ. ಕಿತ್ತುಕೊಂಡು ಓಡುವುದಕ್ಕೆ ಹಳೆಯದರಲ್ಲಿ ಪ್ರತ್ಯೇಕ ಸೆಕ್ಷನ್ ಇರಲಿಲ್ಲ, ಹೊಸದರಲ್ಲಿ 304 ಅಂತ ಬಂದಿದೆ. ಕದಿಯುವುದಕ್ಕಾಗಿ ಬೇಕೆಂದೇ ಗಾಯ ಮಾಡಿದರೆ ಅದು ಇನ್ನೂ ದೊಡ್ಡ ಅಪರಾಧ, ಇಂಗ್ಲಿಷಿನಲ್ಲಿ ‘ರಾಬರಿ’. ಐದು ಅಥವಾ ಹೆಚ್ಚು ಜನ ಸೇರಿ ರಾಬರಿ ಮಾಡಿದರೆ ‘ಡಕಾಯಿಟಿ’. ಈ ಡಕಾಯಿಟಿ ಇಂಗ್ಲಿಷರಿಗೆ ಹಿಂದಿಯಿಂದ ಸಿಕ್ಕ ಶಬ್ದ. ‘ಲೂಟ್’ ಕೂಡ ನಮ್ಮ ಕಡೆಯಿಂದಲೇ ಹೋದದ್ದು. ಲೂಟಿ ಮಾಡಲು ಬಂದವರು ಶಬ್ದವನ್ನೂ ಬಿಡಲಿಲ್ಲ.

ಅಡಿಕೆ ಬೆಳೆಯುವವರು ಗಮನಿಸಬೇಕಾದ ಒಂದು ವಿಚಾರವೂ ಕಳವಿನ ಆ ಸೆಕ್ಷನ್ನಿನಲ್ಲಿದೆ. ಕಾನೂನಿನ ಪ್ರಕಾರ ಕಳವು ಮಾಡಲು ಆಗುವುದು ಚರ ಆಸ್ತಿಯನ್ನು ಮಾತ್ರ. ನೆಲಕ್ಕೆ ಅಂಟಿಕೊಂಡಿರುವುದು ಚರ ಅಲ್ಲ. ಅಂದರೆ ಮರದ ಮೇಲಿರುವ ಕೊನೆಯನ್ನು ಕದಿಯಲು ಬರುವುದಿಲ್ಲ! ಕುಣಿಯಬೇಡಿ, ಕತ್ತಿ ತಾಗಿ ಕೊನೆ ಮರದಿಂದ ಬೇರೆಯಾದ ಕ್ಷಣದಿಂದ ಅದು ಚರ ಆಸ್ತಿ. ಕಡಿಯುವ ಕೆಲಸವೇ ಕಳವಾಗಬಹುದು ಅಂತಲೂ ಅಲ್ಲೇ ಬರೆದಿದ್ದಾರೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೆ ಈ ತಕರಾರೇ ಇಲ್ಲ. ಅದಕ್ಕೆ ರಾತ್ರಿ ಕಾಯೋದೊಂದೇ ಉಪಾಯ.

‘ಸ್ಟೀಲ್’ ಬಗ್ಗೆ ಒಂದೆರಡು ಮಾತು ಉಳಿದಿದೆ. ಕನ್ನಡದಲ್ಲಿ ಬರೆದರೆ ಅದು ಲೋಟ, ತಟ್ಟೆಯ ಸ್ಟೀಲ್ ಹಾಗೇ ಕಾಣುತ್ತದೆ, ಇಂಗ್ಲಿಷಿನ ಉಚ್ಚಾರದಲ್ಲೂ ಒಂದೇ. ಆದರೆ ಕಾಗುಣಿತ, ಅರ್ಥ ಎರಡೂ ಬೇರೆ. ಕಳ್ಳತನದ ಸ್ಟೀಲ್‌ನಲ್ಲಿ ‘ಗುಟ್ಟಾಗಿ’ ಅನ್ನುವ ಭಾವ ಜಾಸ್ತಿ. ಸಭೆಯಿಂದ ಸದ್ದಿಲ್ಲದೆ ಜಾರಿಕೊಳ್ಳುವುದಕ್ಕೂ ಅದೇ ಕ್ರಿಯಾಪದ. ನಾವು ‘ಕದ್ದು ನೋಡಿದಳು’, ‘ಕದ್ದು ಕೇಳಿದ’ ಅನ್ನುವ ಹಾಗೆ. ವಿಚಿತ್ರ ಏನಂದರೆ, ತುಂಬಾ ಅಗ್ಗಕ್ಕೆ ಸಿಕ್ಕ ಸಾಮಾನನ್ನೂ ಅವರು ‘ಎ ಸ್ಟೀಲ್’ ಅಂತಾರೆ. ತುಂಬಾ ದುಬಾರಿಯಾದರೆ ‘ಡೇಲೈಟ್ ರಾಬರಿ’. ಅದು ನಮ್ಮಲ್ಲೂ ಇದೆ: ಹಗಲು ದರೋಡೆ. ಅಗ್ಗದಲ್ಲಿ ಅಂಗಡಿಯವನ ಮಾಲು ಹೋಯಿತು, ದುಬಾರಿಯಲ್ಲಿ ಗಿರಾಕಿಯ ಚರ್ಮ ಸುಲಿಯಿತು. ಲೆಕ್ಕ ಸರಿಯಾಗಿಯೇ ಇದೆ.

ನಮ್ಮ ‘ಕದಿ’ಗೂ ಹಳೆಯ ಜೊತೆಗಾರ ಒಬ್ಬನಿದ್ದ, ‘ಕಳ್’. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರು ‘ಕಳಬೇಡ’ ಅಂದದ್ದು ಇದನ್ನೇ ಬಳಸಿ. ಇವತ್ತು ನಾವು ‘ಕಳಬೇಡ’ ಅನ್ನುವುದಿಲ್ಲ, ‘ಕದಿಯಬೇಡ’ ಅಂತೀವಿ. ಕ್ರಿಯಾಪದ ಬಳಕೆಯಿಂದ ಹೋಯಿತು. ಕಳ್ಳ ಮಾತ್ರ ಉಳಿದುಕೊಂಡ, ಕಳವೂ ಉಳಿಯಿತು.

ದೀಪಾವಳಿ ಹೊತ್ತಿಗೆ ನಮ್ಮ ಹಳ್ಳಿ ಹುಡುಗರು ರಾತ್ರಿ ಹೋಗಿ ಅವರಿವರ ಹಿತ್ತಲಿನ ಸೌತೆಕಾಯಿ, ಎಳನೀರು ಎತ್ತಿಕೊಂಡು ಬರುತ್ತಾರಲ್ಲ, ಆ ಬೂರೆಗಳವಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು? ಸ್ಟೀಲ್ ಅಂದರೆ ತೀರಾ ಭಾರ. ರಾಬ್ ಅಂತೂ ಅಲ್ಲವೇ ಅಲ್ಲ. ಬ್ರಿಟಿಷರ ಆಡುಮಾತಿನಲ್ಲಿ ‘ನಿಕ್’, ‘ಪಿಂಚ್’ ಅಂತ ಹಗುರ ಶಬ್ದಗಳಿವೆ, ನಮ್ಮ ‘ಹಾರಿಸು’ ತರ. ಅವು ಹತ್ತಿರ ಬರುತ್ತವೆ. ಆದರೆ ಬೆಳಗ್ಗೆ ಎದ್ದು ಬೈದುಕೊಂಡರೂ ಒಳಗೊಳಗೆ ನಗುವ ಆ ಮನೆ ಯಜಮಾನನ ಮುಖ ಅವುಗಳಲ್ಲಿಲ್ಲ. ಪ್ರಬಂಧದಲ್ಲಿ ಬೂರೆಗಳವಿನ ಮಾತು ಬಂದರೆ ಸುಮ್ನೆ ‘ಬೂರೆ’ ಅಂತಲೇ ಬರೆದು, ಮುಂದೆ ಎರಡು ಸಾಲು ವಿವರಿಸಲಿ.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತು. ಚೀಲದಲ್ಲಿ ದುಡ್ಡು ಜಾಸ್ತಿ ಇರಲಿಲ್ಲ, ನಲವತ್ತು ವರ್ಷದ ಎಲೆಅಡಿಕೆ ಸಂಚಿ ಹೋಯಿತು ಅಂತಲೇ ಯಜಮಾನರು ಊಟ ಬಿಟ್ಟಿದ್ದಾರೆ ಅಂತ. ಈಗ ಊಟ ಮಾಡ್ತಿದ್ದಾರಾ? ಮಂಡಿ ವಾಸಿಯಾಯಿತಾ? ಮುಂದಿನ ಪತ್ರದಲ್ಲಿ ತಿಳಿಸಿ. ಮೊಮ್ಮಗಳ ಪ್ರಬಂಧವನ್ನೂ ಜೊತೆಗೆ ಕಳಿಸಿ, ಟೀಚರ್ ಹಾಕಿದ ಕೆಂಪು ಗೆರೆ ಸಮೇತ.

ಸಂಪಾದಕ