ತಾಯಿಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಮಗಳಿಗೂ ಬರುತ್ತದೆಯೇ?

ಬಾಗಲಕೋಟೆಯ ಸಹೋದರಿಯೊಬ್ಬರು ಕೇಳಿರುವ ಈ ಪ್ರಶ್ನೆಗೆ ಉತ್ತರ, ಬರಲೇಬೇಕೆಂದಿಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 5ರಿಂದ 10ರಷ್ಟು ಮಾತ್ರ ಬಿಆರ್‌ಸಿಎ 1, ಬಿಆರ್‌ಸಿಎ 2ರಂತಹ ವಂಶವಾಹಿಗಳ ದೋಷದಿಂದ ಬರುತ್ತವೆ. ಆದರೂ ತಾಯಿಗೆ ಚಿಕ್ಕ ವಯಸ್ಸಿನಲ್ಲೇ ರೋಗ ಬಂದಿದ್ದರೆ, ಅದನ್ನು ವೈದ್ಯರಿಗೆ ತಿಳಿಸಿ ತಪಾಸಣೆಯನ್ನು ಯಾವಾಗ ಆರಂಭಿಸಬೇಕೆಂದು ಕೇಳುವುದು ಅಗತ್ಯ. ಮಗುವಿಗೆ ಎದೆಹಾಲುಣಿಸುವುದು, ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯುವುದು, ಮುಟ್ಟು ನಿಂತ ಮೇಲೆ ತೂಕ ಏರದಂತೆ ನೋಡಿಕೊಳ್ಳುವುದು, ಮದ್ಯದಿಂದ ದೂರವಿರುವುದು ಅಪಾಯವನ್ನು ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆ: ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ‘ನೋವಿಲ್ಲವಲ್ಲ’ ಎಂದು ಗಂಟಿನ ವಿಷಯವನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ, ಆದರೆ ಆರಂಭದಲ್ಲಿ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದೇ ಇಲ್ಲ. ಗಂಟು, ತೊಟ್ಟಿನಿಂದ ರಕ್ತ, ಚರ್ಮ ಒಳಕ್ಕೆ ಸೆಳೆದಂತಾಗುವುದು ಕಂಡರೆ ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಎಂದು ಕಾಯದೆ ವೈದ್ಯರ ಬಳಿ ಹೋಗಿರಿ.