ಟೈಮ್‌ಔಟ್ ಏರಿಸಬೇಡಿ, ಮೊದಲು ಸಾಕೆಟ್ ನೋಡಿ

ಎಪಿಐ ಕನೆಕ್ಷನ್ ಒಮ್ಮೊಮ್ಮೆ ಕೈಕೊಡುತ್ತದೆ ಎಂಬ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಹಾಗಾಗಿ ಈ ಸಲ ಒಂದಕ್ಕೆ ಪೂರ್ತಿ ಉತ್ತರ, ಉಳಿದವಕ್ಕೆ ಒಂದೆರಡು ಸಾಲು. ಟಿಸಿಪಿ ಹ್ಯಾಂಡ್‌ಶೇಕ್ ಗೊತ್ತಿಲ್ಲದವರು ಅದನ್ನು ಓದಿಕೊಂಡು ಬನ್ನಿ.

ಪ್ರಶ್ನೆ: ನಮ್ಮ ನೋಡ್.ಜೆಎಸ್ (ನೋಡ್) ಸರ್ವಿಸ್ ಒಂದು ಪೇಮೆಂಟ್ ಎಪಿಐ ಕರೆಯುತ್ತದೆ. ನಡುನಡುವೆ ‘ಕನೆಕ್ಷನ್ ರಿಸೆಟ್ ಬೈ ಪಿಯರ್’ ಬರುತ್ತದೆ. ಮತ್ತೆ ಕರೆದರೆ ಸರಿ. ಆ ಕಡೆಯವರು ತಮ್ಮ ಲಾಗ್‌ನಲ್ಲಿ ನಮ್ಮ ರಿಕ್ವೆಸ್ಟೇ ಇಲ್ಲ ಅನ್ನುತ್ತಾರೆ. ಟೈಮ್‌ಔಟ್ 30ರಿಂದ 120 ಸೆಕೆಂಡಿಗೆ ಏರಿಸಿದರೂ ಪ್ರಯೋಜನವಿಲ್ಲ. ನೋಡ್ 18ರಿಂದ 20ಕ್ಕೆ ಹೋದ ಮೇಲೆ ಶುರುವಾಯಿತು.

ಮುಖ್ಯ ಸುಳಿವನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಟೈಮ್‌ಔಟ್ ಏರಿಸಲು ಹೇಳಿದವರು ಯಾರೋ, ಅವರ ಮಾತು ಇನ್ನು ಕೇಳಬೇಡಿ. ರಿಸೆಟ್ ಮಿಲಿಸೆಕೆಂಡುಗಳಲ್ಲಿ ಬಂದು ಬೀಳುತ್ತದೆ. ಯಾರೂ ಕಾಯುತ್ತಲೇ ಇಲ್ಲದಾಗ ಕಾಯುವ ಅವಧಿ ಏರಿಸಿ ಏನು ಬಂತು?

ನೋಡ್ 19ರಿಂದ ಕೀಪ್-ಅಲೈವ್ ತಾನಾಗಿ ಆನ್ ಆಗಿರುತ್ತದೆ. ಒಂದು ಕಾಲ್ ಮುಗಿದ ಮೇಲೂ ಸಾಕೆಟ್, ಅಂದರೆ ಆ ಕನೆಕ್ಷನ್, ತೆರೆದೇ ಇರುತ್ತದೆ, ಮುಂದಿನ ಕಾಲ್ ಅದರಲ್ಲೇ ಹೋಗುತ್ತದೆ. ಆದರೆ ಸುಮ್ಮನಿರುವ ಸಾಕೆಟ್ಟನ್ನು ಆ ಕಡೆಯ ಸರ್ವರ್ ಎಷ್ಟು ಹೊತ್ತು ಇಟ್ಟುಕೊಳ್ಳುತ್ತದೆ ಎಂಬುದು ಅದರ ಇಷ್ಟ. ಡೀಫಾಲ್ಟ್ ಪ್ರಕಾರ ನೋಡ್ 20ರ ಸರ್ವರ್ 5 ಸೆಕೆಂಡ್, ಗುನಿಕಾರ್ನ್ 2, ಎನ್‌ಜಿನ್‌ಎಕ್ಸ್ 75, ಎಡಬ್ಲ್ಯುಎಸ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ 60. ಅವಧಿ ಮುಗಿದು ಸರ್ವರ್ ಫಿನ್ (ಕನೆಕ್ಷನ್ ಮುಚ್ಚುತ್ತಿದ್ದೇನೆ ಎನ್ನುವ ಪ್ಯಾಕೆಟ್) ಕಳಿಸುತ್ತದೆ. ಅದು ದಾರಿಯಲ್ಲಿರುವಾಗಲೇ ನಿಮ್ಮ ರಿಕ್ವೆಸ್ಟ್ ಹೊರಟುಬಿಟ್ಟರೆ, ಮುಚ್ಚಿದ ಸಾಕೆಟ್ಟಿಗೆ ಬಂದ ಡೇಟಾಕ್ಕೆ ಅಲ್ಲಿನ ಕರ್ನಲ್ ರಿಸೆಟ್ ಎಸೆಯುತ್ತದೆ. ಅಪ್ಲಿಕೇಶನ್‌ವರೆಗೆ ನಿಮ್ಮ ರಿಕ್ವೆಸ್ಟ್ ತಲುಪಿಯೇ ಇಲ್ಲ. ಲಾಗ್‌ನಲ್ಲಿ ಇಲ್ಲ ಎಂದವರು ಸುಳ್ಳು ಹೇಳುತ್ತಿಲ್ಲ.

ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಫೇಲ್ ಆದ ಪ್ರತಿ ಕಾಲ್‌ಗೂ ಎರಡು ವಿಷಯ ಲಾಗ್ ಮಾಡಿ: ರಿಕ್ವೆಸ್ಟಿನ ರೀಯೂಸ್ಡ್‌ಸಾಕೆಟ್ ಮೌಲ್ಯ (ಹಳೆಯ ಸಾಕೆಟ್ಟನ್ನೇ ಮತ್ತೆ ಬಳಸಿತೇ ಎಂಬುದು) ಮತ್ತು ಆ ಹೋಸ್ಟಿಗೆ ಹಿಂದಿನ ಕಾಲ್ ಮುಗಿದು ಎಷ್ಟು ಹೊತ್ತಾಯಿತು ಎಂಬುದು. ಎಲ್ಲ ಫೇಲ್‌ಗಳೂ ಹಳೆಯ ಸಾಕೆಟ್ ಮೇಲೆ, ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಇದ್ದರೆ ರೋಗ ಸಿಕ್ಕಿತು. ಇನ್ನೂ ಅನುಮಾನವಿದ್ದರೆ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ. ಆ ಕಡೆಯಿಂದ ಫಿನ್, ಅದರ ಆಸುಪಾಸಿನಲ್ಲೇ ನಿಮ್ಮ ಡೇಟಾ, ಹಿಂದೆಯೇ ರಿಸೆಟ್: ಈ ಮೂರೂ ಒಟ್ಟಿಗೆ ಕಾಣುತ್ತವೆ.

ಸರ್ವರಿನ ಅವಧಿ ತಿಳಿಯಲು ಕರ್ಲ್ ಕಮಾಂಡಿನಿಂದ ಎಚ್‌ಟಿಟಿಪಿ 1.1ರಲ್ಲಿ ಕರೆದು ಕೀಪ್-ಅಲೈವ್ ಹೆಡರ್ ನೋಡಿ. ಹೆಡರ್ ಇಲ್ಲದಿದ್ದರೆ ಓಪನ್‌ಎಸ್‌ಎಸ್‌ಎಲ್‌ನ ಎಸ್_ಕ್ಲೈಂಟ್‌ನಿಂದ ಒಂದು ರಿಕ್ವೆಸ್ಟ್ ಕಳಿಸಿ, ಕನೆಕ್ಷನ್ ಎಷ್ಟು ಸೆಕೆಂಡಿಗೆ ಕಡಿದುಹೋಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ನಿಮ್ಮ ಕಡೆಯ ಅವಧಿ ಅದಕ್ಕಿಂತ ಕಡಿಮೆ ಇರಲಿ. ಅಲ್ಲಿ 5 ಇದ್ದರೆ ಇಲ್ಲಿ 4, ನನ್ನನ್ನು ಕೇಳಿದರೆ 3. ಏಜೆಂಟ್‌ಕೀಪ್‌ಅಲೈವ್ ಪ್ಯಾಕೇಜಿನಲ್ಲಿ ಇದಕ್ಕೆ ಫ್ರೀಸಾಕೆಟ್‌ಟೈಮ್‌ಔಟ್ ಇದೆ, ಮಿಲಿಸೆಕೆಂಡಿನಲ್ಲಿ ಕೊಡಬೇಕು. ಸರ್ವರ್ ನಿಮ್ಮದೇ ಆಗಿ, 60 ಸೆಕೆಂಡಿನ ಲೋಡ್ ಬ್ಯಾಲೆನ್ಸರ್ ಹಿಂದೆ ಇದ್ದರೆ ಲೆಕ್ಕ ಉಲ್ಟಾ, ಅಲ್ಲಿ ಕರೆಯುವುದು ಬ್ಯಾಲೆನ್ಸರ್: ಸರ್ವರಿನ ಅವಧಿ 65 ಇಡಿ. ಇಲ್ಲದಿದ್ದರೆ ಗ್ರಾಹಕರಿಗೆ ಆಗಾಗ 502 ಎರರ್ ಕಾಣುತ್ತದೆ.

ನಡುವೆ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಡಬ್ಲ್ಯುಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದ ಕನೆಕ್ಷನ್ನನ್ನು ಮರೆತುಬಿಡುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್-ಅಲೈವ್ (ಮೇಲಿನದಲ್ಲ, ಸುಮ್ಮನಿರುವ ಕನೆಕ್ಷನ್ ಜೀವಂತವಿದೆಯೇ ಎಂದು ಕರ್ನಲ್ ತಟ್ಟಿ ನೋಡುವುದು) ಕಾಪಾಡುತ್ತದೆ ಎಂದುಕೊಂಡಿದ್ದರೆ, ಅದು ಆನ್ ಇದ್ದರೂ ಡೀಫಾಲ್ಟ್ ಪ್ರಕಾರ ಎಚ್ಚರಾಗುವುದು 7200 ಸೆಕೆಂಡಿನ ಮೇಲೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇಷ್ಟೆಲ್ಲ ಮಾಡಿದರೂ ಅಪರೂಪಕ್ಕೆ ಒಂದು ಬೀಳುತ್ತದೆ. ಹಳೆಯ ಸಾಕೆಟ್ ಮೇಲೆ ರಿಸೆಟ್ ಬಂದರೆ ಮಾತ್ರ ಒಂದು ಸಲ ಮತ್ತೆ ಕರೆಯಿರಿ. ಬರೀ ಮಾಹಿತಿ ಓದುವ ಗೆಟ್ ಆದರೆ ಧಾರಾಳವಾಗಿ. ಪೇಮೆಂಟ್ ಪೋಸ್ಟ್ ಆದರೆ ಅದೇ ಐಡೆಂಪೊಟೆನ್ಸಿ ಕೀ (ಇದು ಹಳೆಯ ರಿಕ್ವೆಸ್ಟೇ ಎಂದು ಸರ್ವರಿಗೆ ತಿಳಿಸುವ ಗುರುತು) ಜೊತೆ ಮಾತ್ರ. ರಿಸೆಟ್ ಬಂತೆಂದರೆ ಸರ್ವರ್ ಕೆಲಸ ಮಾಡಿಲ್ಲ ಎಂದರ್ಥವಲ್ಲ, ಕೆಲಸ ಮುಗಿಸಿ ಉತ್ತರ ಕೊಡುವ ಮೊದಲೇ ಪ್ರೊಸೆಸ್ ಸತ್ತಿರಬಹುದು. ಗ್ರಾಹಕರ ಖಾತೆಯಿಂದ ಎರಡು ಸಲ ದುಡ್ಡು ಕಟ್ ಆದ ದಿನ ಇದು ಅರ್ಥವಾದರೆ ತಡವಾಯಿತು. ಆ ಎಪಿಐಯಲ್ಲಿ ಅಂಥ ಕೀ ಇಲ್ಲವೆಂದರೆ ರೀಟ್ರೈ ಬೇಡ, ಮೊದಲು ಸ್ಟೇಟಸ್ ಕೇಳಿ.

ಪ್ರಶ್ನೆ: ಕೀಪ್-ಅಲೈವ್ ಆಫ್ ಮಾಡಿದರೆ ಸಾಕಲ್ಲವೇ?

ದಿನಕ್ಕೆ ನೂರು ಕಾಲ್ ಆದರೆ ಆಫ್ ಮಾಡಿ, ನಿಶ್ಚಿಂತೆಯಾಗಿರಿ. ಭಾರ ಹೆಚ್ಚಿದ್ದರೆ ಪೋರ್ಟ್ ಖಾಲಿಯಾಗುತ್ತದೆ: ಲಿನಕ್ಸ್‌ನಲ್ಲಿ ಡೀಫಾಲ್ಟ್ 32768ರಿಂದ 60999, ಮೊದಲು ಮುಚ್ಚಿದ ಕಡೆ ಪ್ರತಿಯೊಂದೂ 60 ಸೆಕೆಂಡ್ ಟೈಮ್-ವೇಟ್‌ನಲ್ಲಿ, ಅಂದರೆ ಮುಚ್ಚಿದ ಮೇಲೂ ಪೋರ್ಟ್ ಹಿಡಿದುಕೊಂಡು, ಕೂರುತ್ತದೆ. ಒಂದೇ ವಿಳಾಸಕ್ಕೆ ಸೆಕೆಂಡಿಗೆ 470 ಹೊಸ ಕನೆಕ್ಷನ್ ದಾಟಿದರೆ ಹೊಸ ತಲೆನೋವು.

ಪ್ರಶ್ನೆ: ಕೆಲವು ಕಾಲ್ ಸರಿಯಾಗಿ 5 ಸೆಕೆಂಡ್ ತಡವಾಗುತ್ತವೆ.

ಹೆಸರಿನಿಂದ ಐಪಿ ಹುಡುಕುವ ಡಿಎನ್‌ಎಸ್ ಪ್ಯಾಕೆಟ್ ಕಳೆದುಹೋಗುತ್ತಿದೆ, 5 ಸೆಕೆಂಡ್ ಲಿನಕ್ಸ್ ರಿಸಾಲ್ವರಿನ ಡೀಫಾಲ್ಟ್ ಕಾಯುವಿಕೆ. ತಡ 1 ಅಥವಾ 3 ಸೆಕೆಂಡ್ ಆದರೆ ಸಿನ್ ಪ್ಯಾಕೆಟ್ ಕಳೆಯುತ್ತಿದೆ.

ಪ್ರಶ್ನೆ: ಪೋಸ್ಟ್‌ಮ್ಯಾನ್ ಟೂಲ್‌ನಲ್ಲಿ ಕರೆದರೆ ಸರಿ ಬರುತ್ತದೆ, ಹಾಗಾದರೆ ಎಪಿಐ ಸರಿ ಇದೆ ತಾನೆ?

ನೀವು ಎರಡು ಸಲ ಒತ್ತಿ ನೋಡಿದ್ದೀರಿ. ಅದು ಪರೀಕ್ಷೆಯಲ್ಲ.

ಪ್ರಶ್ನೆ: ಆಗಾಗ ಸರ್ಟಿಫಿಕೇಟ್ ಎರರ್ ಬರುತ್ತದೆ. ವೆರಿಫಿಕೇಶನ್ ಆಫ್ ಮಾಡಿ ಎಂದು ಸಲಹೆ ಸಿಕ್ಕಿದೆ.

ಆ ಸಲಹೆ ಕೊಟ್ಟವರನ್ನು ಪ್ರೊಡಕ್ಷನ್ ಹತ್ತಿರ ಬಿಡಬೇಡಿ. ಹೋಸ್ಟಿನ ಹಿಂದೆ ಇರುವ ಹಲವು ಐಪಿಗಳಲ್ಲಿ ಒಂದರಲ್ಲಿ ಇಂಟರ್‌ಮೀಡಿಯೇಟ್ ಸರ್ಟಿಫಿಕೇಟ್ (ಸರ್ವರಿನ ಸರ್ಟಿಫಿಕೇಟನ್ನು ನಂಬಿಕೆಯ ರೂಟ್‌ಗೆ ಜೋಡಿಸುವ ಕೊಂಡಿ) ಬಿಟ್ಟುಹೋಗಿರುವುದೇ ಹೆಚ್ಚು. ಕರ್ಲ್‌ನ ರಿಸಾಲ್ವ್ ಆಯ್ಕೆಯಿಂದ ಒಂದೊಂದೇ ಐಪಿಯನ್ನು ಕರೆದು, ಕೆಟ್ಟದ್ದನ್ನು ಹಿಡಿದು, ಔಟ್‌ಪುಟ್ ಸಮೇತ ಎಪಿಐ ಕಡೆಯವರಿಗೆ ಕಳಿಸಿ.