ಅಳು ಬಂದರೆ ಶ್ರುತಿ ಹೋಗುತ್ತೆ

ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದ ಹಾಡುಗಾರರೊಬ್ಬರ ವಿಷಯ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು ಮೂವತ್ತರ ಆಸುಪಾಸು, ಸುಗಮ ಸಂಗೀತದವರು. ತಾವೇ ಬರೆದು ರಾಗ ಹಾಕುತ್ತಾರೆ. ತಂದೆ ತೀರಿಕೊಂಡ ಮೇಲೆ ಕಟ್ಟಿದ ಒಂದು ಹಾಡು ಜನರಿಗೆ ಹಿಡಿಸಿತು. ತೊಂದರೆ ಶುರುವಾದದ್ದೇ ಅಲ್ಲಿಂದ. ಇನ್ನೊಂದು ಹಾಡು ಬರಬೇಕಾದರೆ ಅದೇ ನೋವಿನಲ್ಲಿರಬೇಕು ಎಂದುಕೊಂಡು ರಾತ್ರಿ ಎರಡರವರೆಗೂ ಇಯರ್‌ಫೋನ್‌ನಲ್ಲಿ ತಮ್ಮದೇ ಪಲ್ಲವಿ ಕೇಳುತ್ತ ಕೂರುತ್ತಿದ್ದರು. ಖಿನ್ನತೆಗೆ ಕೊಟ್ಟ ಮಾತ್ರೆಯನ್ನೂ ಬಿಟ್ಟಿದ್ದರು. ಇಂಥವರು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂರನೇ ಭೇಟಿಗೆ ಹಾಡಿನ ಪುಸ್ತಕ ತರಲು ಹೇಳಿದ್ದೆ. ತಾರೀಖು ಹಾಕುವ ಅಭ್ಯಾಸ ಅವರಿಗಿತ್ತು. ಅದು ಕೆಲಸಕ್ಕೆ ಬಂತು. ತಂದೆ ಹೋದ ವಾರದ ಪುಟಗಳ ತುಂಬ 'ನೀನಿಲ್ಲ' ಎಂಬ ಒಂದೇ ಪದ, ತಾಳಕ್ಕೆ ಕೂರುವ ಸಾಲು ಒಂದೂ ಇಲ್ಲ. ಜನ ಮೆಚ್ಚಿದ ಚರಣ ಬಂದದ್ದು ನಾಲ್ಕು ತಿಂಗಳ ನಂತರ, ಒಂದು ಬೆಳಗ್ಗೆ: ಉಂಗುಷ್ಟ ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿ ಇನ್ನೊಂದು ಮಳೆಗಾಲ ತಳ್ಳಿದ ಅಪ್ಪ.

"ಇದನ್ನ ಹಾಡುವಾಗ ಅಳು ಬರಲ್ವಾ?" ಎಂದೆ.

"ಅಯ್ಯೋ, ಅಳು ಬಂದ್ರೆ ಶ್ರುತಿ ಹೋಗುತ್ತೆ ಮೇಡಂ. ಗಂಟಲು ಬಿಗಿಯುತ್ತೆ, ಗಾಂಧಾರ ನಿಲ್ಲಲ್ಲ. ಶಿವರಂಜನಿ ರಾಗಾನ ಮೋಹನ ರಾಗದಿಂದ ಬೇರೆ ಮಾಡೋದು ಅದೊಂದೇ ಸ್ವರ ಅಲ್ವಾ?"

"ಹಾಗಾದ್ರೆ ಗಾಂಧಾರಾನ ಹಿಡಿದು ನಿಲ್ಲಿಸಿದ್ದು ಯಾರು?"

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಪುಟ ಹಿಂದಕ್ಕೆ ತಿರುವಿ ಒಂದೊಂದೇ ತಾರೀಖು ನೋಡತೊಡಗಿದರು.

ಎರಡು ಪುಸ್ತಕ ಇಡಿ ಎಂದೆ. ಒಂದು ನೋವಿಗೆ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಅಲಾರಂ ಇಟ್ಟುಕೊಂಡು. ಪ್ರಾಸ ಬೇಡ, ಯಾರಿಗೂ ತೋರಿಸುವುದೂ ಬೇಡ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಪೆನ್ನೆಬೇಕರ್ ಮತ್ತು ಬೀಲ್ ಪ್ರಕಟಿಸಿದ ಪ್ರಯೋಗದ ಕ್ರಮವಿದು. ಬರೆದ ಕೂಡಲೇ ಮನಸ್ಸು ಭಾರವಾಗುವುದುಂಟು. ಮರುದಿನವೂ ಇಳಿಯದಿದ್ದರೆ ನಿಲ್ಲಿಸಿ ನನ್ನಲ್ಲಿಗೆ ಬರಬೇಕು. ಇನ್ನೊಂದು ಹಾಡಿಗೆ, ಹಗಲಲ್ಲಿ ಮಾತ್ರ. 'ನಾನು' ಇರುವ ಸಾಲನ್ನು ಒಮ್ಮೆ 'ಅವನು' ಎಂದು ತಿದ್ದಿ ನೋಡುವುದು. 'ಕಣ್ಣೀರು' ಬಂದ ಕಡೆ ಚಪ್ಪಲಿಯಂಥ ಒಂದು ವಸ್ತು ಇಡುವುದು. ರಾತ್ರಿ ಹತ್ತರ ಮೇಲೆ ಆ ರೆಕಾರ್ಡಿಂಗ್ ಹಾಕುವ ಹಾಗಿಲ್ಲ. ಒಂದೇ ಸಾಲು ಸುತ್ತುತ್ತಿದ್ದರೆ ಹಾಡು ಅಲ್ಲೇ ನಿಲ್ಲುತ್ತದೆ, ಕೊರಗು ಮಾತ್ರ ಬೆಳೆಯುತ್ತದೆ.

ಮಾತ್ರೆಯಿಂದ ಕೆಲವರಿಗೆ ಭಾವನೆ ಮಂಕಾದಂತಾಗುವುದು ನಿಜ, ಸುಳ್ಳೆನ್ನಲಾರೆ. ಮನೋವೈದ್ಯರಿಗೆ ಹಾಗೆಂದೇ ಹೇಳಿದರೆ ಪ್ರಮಾಣ ತಗ್ಗಿಸಬಹುದು, ಔಷಧಿಯನ್ನೇ ಬದಲಿಸಬಹುದು. ತಾವಾಗಿಯೇ ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೇಡು ಬರಬಹುದು. ಆ ಸಂಕಟವನ್ನೇ ಸ್ಫೂರ್ತಿ ಎಂದುಕೊಂಡವರನ್ನೂ ನೋಡಿದ್ದೇನೆ.

"ಅಳೋ ಹಾಡು ಬಿಡಿಸಿ ಅಂತ ಕಳಿಸಿದ್ರೆ ಇನ್ನೂ ಬರೀ ಅಂತೀರಲ್ಲ" ಎಂದು ಅವರ ಅಕ್ಕ ಆಕ್ಷೇಪಿಸಿದರು. ಬಿಡಿಸುವುದಿಲ್ಲ. ಪ್ರಾಸ ಹುಡುಕುತ್ತಿರುವ ಮನಸ್ಸು ಇನ್ನೂ ದುಡಿಯುತ್ತಿದೆ ಎಂದೇ ನನ್ನ ಲೆಕ್ಕ. ಆದರೆ ಪುಟದಲ್ಲಿ ಸಾಯುವ ದಿನ, ಸಾಯುವ ದಾರಿ ಕಾಣಿಸಿಕೊಂಡರೆ ನನ್ನ ಮುಂದಿನ ಭೇಟಿಗೆ ಕಾಯಬಾರದು, ಹಗಲಿರುಳೆನ್ನದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಇಬ್ಬರಿಗೂ ಹೇಳಿದೆ. ಆ ಸಂಖ್ಯೆಯನ್ನು ಅಕ್ಕ ಫೋನಿನಲ್ಲಿ ಹಾಕಿಕೊಂಡರು. ಹಾಡುಗಾರರು ಪುಸ್ತಕದ ರಟ್ಟಿನ ಒಳಗೆ ಬರೆದುಕೊಂಡರು, ತಾರೀಖಿನ ಸಮೇತ.